ಕಿಟಕಿಗೆ ತೂಗಿದ ಶಿವದಾರ

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ. ಸವಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕುಳಿತಿದ್ದೆ. ಹಾನಗಲ್ಲಿನಿಂದ ನನ್ನ ನೆಗೆಣ್ಣಿ ಗಂಗಕ್ಕನ ಫೋನ್ ಬಂತು.

"ನೀಲವ್ವ, ನೇಪಾಳಕ್ಕ ಪಶುಪತಿನಾಥನ ಯಾತ್ರಿ ಹೊಂಟೇವಿ. ನಮ್ಮ ಜೋಡಿ ಬರಾಕಿ ಒಬ್ಬಾಕಿ ಕಾಲ ಮುರಕೊಂಡು ಕುಂತಾಳ. ಒಂದ ಜಾಗ ಖಾಲಿ ಐತಿ. ಬರ್ತೀಯೇನ?"

ಹುಬ್ಬಳ್ಳಿ ದಾಟಿ ಹೋದದ್ದೇ ಕಡಿಮೆ ನಾನು. ಪೇಪರ್ ಓದುತ್ತಿದ್ದ ಯಜಮಾನರ ಮುಖ ನೋಡಿದೆ. "ಹೋಗಿ ಬಾ. ನಾಕು ದಿನ ಖಾನಾವಳಿ ರೊಟ್ಟಿ ತಿಂದ್ರ ನಿನ್ನ ರೊಟ್ಟಿ ಬೆಲಿ ನನಗೂ ತಿಳಿತೈತಿ" ಎಂದರು. ಪಾಸ್‌ಪೋರ್ಟ್ ಬೇಡ, ಮತದಾರರ ಗುರುತಿನ ಚೀಟಿಯೇ ಸಾಕಂತೆ. ಹೀಗೆ ಪರದೇಶ ಕಾಣುವ ಯೋಗ ಬಂತು.

ಯಲವಿಗಿಯಲ್ಲಿ ರೈಲು ಹತ್ತಿದೆವು. ರೈಲು ಬದಲಿಸಿ, ಬಸ್ಸು ಬದಲಿಸಿ, ಕಠ್ಮಂಡು ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು. ಅಲ್ಲಿ ಜಾಗ ಸಿಗದೆ ಪಕ್ಕದ ಭಕ್ತಪುರ ಎಂಬ ಊರಿನಲ್ಲಿ ನಮ್ಮನ್ನೆಲ್ಲ ಮೂರು ನಾಲ್ಕು ಮನೆಗಳಿಗೆ ಹಂಚಿ ಮಲಗಿಸಿದರು. ಊರು ಹೇಗಿದೆ ಎಂದು ನೋಡುವ ತ್ರಾಣವೂ ಇರಲಿಲ್ಲ.

ಬೆಳಿಗ್ಗೆ ತಣ್ಣೀರ ಸ್ನಾನವಾಯಿತು. ನಾವು ಲಿಂಗವಂತರು. ಇಷ್ಟಲಿಂಗವನ್ನು ಮೈಮೇಲಿಂದ ಅಗಲಿಸುವುದಿಲ್ಲ, ಅದರ ಪೂಜೆಯಾಗದೆ ಬಾಯಿಗೆ ನೀರು ಹಾಕುವುದಿಲ್ಲ. ಆವತ್ತು ಪಶುಪತಿಯ ಅಂಗಳದಲ್ಲೇ ಕುಳಿತು ಪೂಜೆ ಮಾಡಬೇಕೆಂದು ಆಸೆ ಇಟ್ಟುಕೊಂಡಿದ್ದೆ. ಒದ್ದೆಯಾದ ಶಿವದಾರ ಎದೆಗೆ ಐಸಿನಂತೆ ತಾಗಿತು. ತಲೆ ಬಾಚುವಷ್ಟು ಹೊತ್ತು ಒಣಗಲಿ ಎಂದು ಲಿಂಗದ ಬೆಳ್ಳಿ ಕರಡಿಗೆ ಸಮೇತ ದಾರವನ್ನು ಕಿಟಕಿಯ ಗೂಟಕ್ಕೆ ತೂಗುಹಾಕಿದೆ. ಎಂದೂ ಮಾಡದ ಕೆಲಸ. ಅಷ್ಟರಲ್ಲಿ ಕೆಳಗಿನಿಂದ "ಬಸ್ ಬಿಡ್ತೈತಿ, ಲಗೂನ ಬರ್ರಿ" ಎಂಬ ಕೂಗು ಬಂತು. ಶಾಲು ಹೊದ್ದು ಗಂಟುಮೂಟೆ ಹೊತ್ತು ಓಡಿದೆ.

ಪಶುಪತಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಎದೆ ಮುಟ್ಟಿಕೊಂಡರೆ ಬರಿದು. ಶಾಲು ಕೊಡವಿ, ಗಂಟು ಬಿಚ್ಚಿ ಹುಡುಕುವಾಗ ಕಿಟಕಿಯ ಗೂಟ ನೆನಪಾಯಿತು.

ಯಾತ್ರೆಯ ಮುಂದಾಳು ಗುರುಶಾಂತಪ್ಪ ಮನೆ ಗೊತ್ತು ಮಾಡಿದ ಏಜೆಂಟನಿಗೆ ಫೋನ್ ಹಚ್ಚಿದ. ಎತ್ತಲಿಲ್ಲ. "ಅಕ್ಕಾರ, ಊರಿಗೆ ಹೋಗಿ ಅಯ್ಯಾರ ಕಡೆ ಹೊಸಾದು ಕಟ್ಟಿಸ್ಕೊಂಡ್ರಾತು. ಈಗ ದರ್ಶನ ಮಾಡ್ರಿ. ಮಧ್ಯಾಹ್ನ ಬಾಗಲಾ ಹಾಕ್ತಾರ" ಎಂದ.

"ತೊಟ್ಟಿಲದಾಗ ಇದ್ದಾಗ ನಮ್ಮವ್ವ ಕಟ್ಟಿಸಿದ್ದೋ ತಮ್ಮಾ. ಅದನ್ನ ಬಿಟ್ಟು ನಾ ಹ್ಯಾಂಗ ಒಳಗ ಹೋಗ್ಲಿ?"

ಗಂಗಕ್ಕ ತಾನೂ ಬರುತ್ತೇನೆಂದಳು. "ಬ್ಯಾಡ, ನನ್ನ ಪಾಲಿಂದೂ ನೀನ ಕೈ ಮುಗಿ" ಎಂದೆ. ಗುರುಶಾಂತಪ್ಪ ನನ್ನನ್ನು ಭಕ್ತಪುರದ ಬಸ್ಸಿಗೆ ಹತ್ತಿಸಿ, ಎಲ್ಲಿ ಇಳಿಸಬೇಕೆಂದು ಕಂಡಕ್ಟರನಿಗೆ ಹೇಳಿದ. "ಐದು ಅಂತಸ್ತಿನ ಗುಡಿ ಕೇಳ್ರಿ, ಮನಿ ಅಲ್ಲೇ ಆಜೂಬಾಜೂ ಐತಿ" ಎಂದು ನನಗೆ ಹೇಳಿದ. ಅವನಿಗೂ ಅಷ್ಟೇ ಗೊತ್ತಿತ್ತು.

ಬಸ್ಸು ಊರ ಹೊರಗೆ ಬಿಟ್ಟಿತು. ಒಳಗೆ ನಡೆದೇ ಹೋಗಬೇಕು. ನನಗೆ ನೆನಪಿದ್ದದ್ದು ಎರಡೇ ಗುರುತು: ಕೆತ್ತನೆಯ ಕಟ್ಟಿಗೆ ಕಿಟಕಿ, ಅದರ ಮೇಲೆ ಸೂರಿಗೆ ತೂಗುಬಿಟ್ಟ ಮೆಕ್ಕೆಜೋಳದ ತೆನೆ. ಓಣಿಯೊಳಗೆ ಕಾಲಿಟ್ಟು ನೋಡುತ್ತೇನೆ, ಮನೆಮನೆಗೂ ಕೆತ್ತನೆಯ ಕಿಟಕಿ, ಮನೆಮನೆಗೂ ಮೆಕ್ಕೆಜೋಳ. ಅಳುವುದೋ ನಗುವುದೋ ತಿಳಿಯಲಿಲ್ಲ.

ಒಂದೊಂದೇ ಕಿಟಕಿ ನೋಡುತ್ತ ನಡೆದೆ. ಒಂದರ ಮೇಲೆ ನವಿಲು, ಒಂದರ ಮೇಲೆ ಹಾವು, ಇನ್ನೊಂದರಲ್ಲಿ ಬಳ್ಳಿಯೊಳಗೆ ಬಳ್ಳಿ. ಕಾಲ ಕೆಳಗೆ ಕೆಂಪು ಇಟ್ಟಿಗೆ ಹಾಸಿದ ಹಾದಿ, ಗುಡಿಸಿ ಇಟ್ಟಂತೆ ಚೊಕ್ಕ. ಕಲ್ಲಿನ ಮೊಸಳೆ ಬಾಯಿಂದ ನೀರು ಬೀಳುತ್ತಿತ್ತು. ಹೆಂಗಸರು ಕೊಡ ಹಿಡಿದು ಪಾಳಿ ನಿಂತಿದ್ದರು. ಐದು ಅಂತಸ್ತಿನ ಗುಡಿಯ ಮುಂದಿನ ಬಯಲಲ್ಲಿ ಭತ್ತ ಹರವಿ ಮೊರದಲ್ಲಿ ಕೇರುತ್ತಿದ್ದರು. ಕೈ ತಿರುಗಿಸುವ ರೀತಿ ನಮ್ಮದೇ. ಹೊಟ್ಟು ಬಿಸಿಲಲ್ಲಿ ಹಾರಿ ಬಂಗಾರದ ಹಾಗೆ ಕಾಣುತ್ತಿತ್ತು. ಇಷ್ಟು ಚೆಂದದ ಊರಲ್ಲಿ ಮಲಗಿ ಎದ್ದು, ಏನೂ ನೋಡದೆ ಬಸ್ಸು ಹತ್ತಿದ್ದೆನಲ್ಲ ಎನಿಸಿತು. ಹಾಗೆನಿಸಿದ ಗಳಿಗೆಯಲ್ಲೇ ನಾಚಿಕೆಯಾಯಿತು. ಲಿಂಗ ಕಳಕೊಂಡವಳು ಊರಿನ ಚೆಂದ ನೋಡುತ್ತಿದ್ದೇನಲ್ಲ.

ಬಿಸಿಲೇರಿತು. ಗಂಟಲು ಒಣಗಿ ಒಂದು ಮೊಸರಿನ ಅಂಗಡಿಯ ಕಟ್ಟೆಗೆ ಕುಳಿತುಬಿಟ್ಟೆ. ಒಳಗಿನಿಂದ ನನ್ನ ವಾರಿಗೆಯ ಹೆಂಗಸು ಮಣ್ಣಿನ ಬಟ್ಟಲಲ್ಲಿ ಮೊಸರು ತಂದು ಮುಂದಿಟ್ಟಳು. ಹೆಸರು ಮೈಯಾ. ಅವಳ ಹಿಂದಿ, ನನ್ನ ಹಿಂದಿ, ಎರಡೂ ಕುಂಟು. ಕೈಸನ್ನೆ ಸೇರಿಸಿ ಎಲ್ಲ ಹೇಳಿದೆ.

"ಪೂಜೆ ಇಲ್ಲದೆ ನಾವೂ ತಿನ್ನೋದಿಲ್ಲ ದೀದಿ" ಎಂದಳು ಅವಳು. ಬಟ್ಟಲುಗಳ ಮೇಲೆ ಬಟ್ಟೆ ಮುಚ್ಚಿ, ಎದುರಿನ ಅಂಗಡಿಯವಳಿಗೆ ನೋಡಿಕೋ ಎಂದು ಕೂಗಿ ಹೇಳಿ, ಸೈಕಲ್ ಹೊರಗೆ ತಂದಳು. "ಯಾತ್ರೆಯವರಿಗೆ ಕೋಣೆ ಕೊಡೋ ಮನೆಗಳೆಲ್ಲ ನನಗೆ ಗೊತ್ತು. ಹಿಂದೆ ಹತ್ತು."

ಹತ್ತಿದೆ. ಇಳಕಲ್ ಸೀರೆ ಮಂಡಿಗೆ ಎತ್ತಿ ಹಿಡಿದು ಕ್ಯಾರಿಯರ್ ಮೇಲೆ ಒಂದು ಮಗ್ಗುಲಾಗಿ ಕುಳಿತೆ. ಭತ್ತ ಕೇರುವವರಲ್ಲಿ ಒಬ್ಬಳು ಏನೋ ಕೂಗಿದಳು, ಎಲ್ಲರೂ ನಕ್ಕರು. ಏನೆಂದಳು ಎಂದು ಕೇಳಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, "ಮೈಯಾ, ಇವತ್ತ ಮೊಸರು ಬಿಟ್ಟು ಮಂದಿ ಮಾರಾಕ ಹೊಂಟಿಯೇನ?" ಎಂದಿದ್ದಳು. ಆ ಸಂಕಟದಲ್ಲೂ ನಗು ಬಂತು.

ಒಂದು ಮನೆ ಅಲ್ಲ. ಎರಡನೆಯದೂ ಅಲ್ಲ. ಕುಂಬಾರರು ಸಾಲಾಗಿ ಬಟ್ಟಲು ಒಣಗಿಸಿದ ಬಯಲು ದಾಟಿ ಸಂದಿಯೊಂದಕ್ಕೆ ತಿರುಗಿದಾಗ ತಲೆ ಎತ್ತಿದೆ. ಮೇಲೊಂದು ಕಿಟಕಿ. ಗೂಟಕ್ಕೆ ಬಿಳಿ ದಾರ, ಅದರ ತುದಿಗೆ ಬಿಸಿಲಲ್ಲಿ ಮಿನುಗುವ ಕರಡಿಗೆ, ಅದರ ಮೇಲೊಂದು ಚೆಂಡು ಹೂವು. ಪಕ್ಕದಲ್ಲೇ ಆ ಮನೆಯ ಅಜ್ಜಿ ಕೋಲು ಹಿಡಿದು ಪಾರಿವಾಳ ಓಡಿಸುತ್ತ ಕುಳಿತಿದ್ದಳು.

"ಶಿವನೇ" ಎಂದು ಬೀದಿಯಲ್ಲೇ ಕೈ ಮುಗಿದೆ.

ಮೆಟ್ಟಿಲು ಹತ್ತಿ ಹೋದಾಗ ಅಜ್ಜಿ ನನ್ನನ್ನು ಸಣ್ಣಗೆ ಬೈದಳು. ದೇವರನ್ನು ಹೀಗೆ ಬಿಟ್ಟು ಹೋಗುತ್ತಾರೆಯೇ ಎಂದಳಂತೆ. ಇಷ್ಟು ಹೊತ್ತು ಒಳಗೆ ತೆಗೆದಿಡದೆ ಯಾಕೆ ಕಾಯುತ್ತ ಕುಳಿತಳು ಎಂದು ಮೈಯಾಳಿಂದ ಕೇಳಿಸಿದೆ. ಅಜ್ಜಿಯ ಉತ್ತರ ಇವತ್ತಿಗೂ ಕಿವಿಯಲ್ಲಿದೆ. "ಒಳಗಿಟ್ಟರೆ ಹುಡುಕಿ ಬಂದವಳಿಗೆ ಇದೇ ಮನೆ ಅಂತ ಹೇಗೆ ಗೊತ್ತಾಗಬೇಕು?"

ಅವಳೇ ನೀರು ಕೊಟ್ಟಳು, ಚಾಪೆ ಹಾಸಿದಳು. ಆ ಕಿಟಕಿಯ ಬೆಳಕಿನಲ್ಲಿ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿದೆ. ಅಂಥ ಪೂಜೆ ನನ್ನ ಜನ್ಮದಲ್ಲಿ ಆಗಿರಲಿಲ್ಲ. ಆಮೇಲೆ ಮೈಯಾಳ ಅಂಗಡಿಯಲ್ಲಿ ಮೊಸರು ತಿಂದೆ. ಕೆನೆಗಟ್ಟಿದ ಸಿಹಿ ಮೊಸರು. ಬಟ್ಟಲು ತೊಳೆದು ಕೊಡಹೋದರೆ, ಇಟ್ಟುಕೋ ಎಂದಳು.

ಬಸ್ ನಿಲ್ದಾಣದವರೆಗೂ ಬಿಡುತ್ತೇನೆಂದು ಹೊರಟವಳು ಅರ್ಧ ದಾರಿಯಲ್ಲಿ ಮಂಡಿ ಹಿಡಿದು ನಿಂತಳು. ನಾನು ತಿಳವಳ್ಳಿಯ ತವರಿನಲ್ಲಿ ಹೈಸ್ಕೂಲಿಗೆ ಅಣ್ಣನ ಸೈಕಲ್ಲಿನಲ್ಲೇ ಹೋಗುತ್ತಿದ್ದವಳು. ಮದುವೆಯಾದ ಮೇಲೆ ಮುಟ್ಟಿರಲಿಲ್ಲ. "ನಾನು ಹೊಡೆಯಲೇ?" ಎಂದೆ. ಮೊದಲು ಎರಡು ಸಲ ಓಲಾಡಿ ಭತ್ತದ ರಾಶಿಯತ್ತ ಹೋದೆ. ಹಿಂದೆ ಕುಳಿತ ಮೈಯಾ "ರಾಮ ರಾಮ" ಎನ್ನತೊಡಗಿದಳು. ಆಮೇಲೆ ಇಳಿಜಾರು ಬಂತು. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಲಿಂಗ ಎದೆಯ ಮೇಲಿತ್ತು, ಎರಡೂ ಬದಿ ಕಿಟಕಿಗಳು ಹಿಂದೆ ಸರಿಯುತ್ತಿದ್ದವು. ಈಗ ಹುಡುಕುವುದೇನೂ ಇರಲಿಲ್ಲ, ಸುಮ್ಮನೆ ನೋಡಿದೆ.

ಪಶುಪತಿಗೆ ಬಂದಾಗ ಬಾಗಿಲು ಹಾಕಿತ್ತು, ನಮ್ಮ ಬಸ್ಸು ಹೊರಡಲು ನಿಂತಿತ್ತು. ಬಂಗಾರದ ಕಳಸಕ್ಕೆ ಹೊರಗಿನಿಂದಲೇ ನಮಸ್ಕಾರ ಮಾಡಿದೆ. ಗಂಗಕ್ಕ ಪ್ರಸಾದ ಕೈಗಿಟ್ಟು ಕಣ್ಣೀರು ತೆಗೆದಳು. "ಇಷ್ಟ ದೂರ ಬಂದು ಬಾಗಲದಾಗಿಂದ ಹೊಳ್ಳಿ ಹೊಂಟಿಯಲ್ಲ ನೀಲವ್ವ."

ಊರಲ್ಲಿಯೂ ಕೆಲವರು ಹಾಗೇ ಮರುಗುತ್ತಾರೆ. ನನಗೆ ಕೊರತೆ ಎನಿಸಿಲ್ಲ. ಮಲಗುವ ಮುಂಚೆ ಶಿವನ ಉಪಕಾರ ನೆನೆಯುವುದು ನನ್ನ ರೂಢಿ. ಈಗ ಆ ಸಾಲಿನಲ್ಲಿ ಅಜ್ಜಿಯ ಕೋಲೂ ಮೈಯಾಳ ಸೈಕಲ್ಲೂ ಸೇರಿವೆ. ನನ್ನ ಓಣಿಯಲ್ಲಿ ನಡೆಯುವಾಗಲೂ ಕಿಟಕಿಗಳತ್ತ ತಲೆ ಎತ್ತುತ್ತೇನೆ. ನಮ್ಮೂರಿನ ಹಳೇ ಬಾಗಿಲುಗಳಿಗೂ ಬಳ್ಳಿಯ ಕೆತ್ತನೆ ಇದೆ ಎಂದು ಇಷ್ಟು ವರ್ಷಕ್ಕೆ ಕಂಡಿತು.

ಒಲೆಯ ಮೇಲಿಂದ ಇಳಿಸಿದ ಹಾಲು ಉಗುರುಬೆಚ್ಚಗಾಗಿದೆ. ಮೈಯಾಳ ಬಟ್ಟಲಿಗೆ ಹಾಲು ಹಾಕಿ ಹೆಪ್ಪು ಬಿಡಬೇಕು.