ಮೊಮ್ಮಗಳಿಗೆ ನಾನು ಬರೆದುಕೊಟ್ಟ ಭಾಷಣ

ನನ್ನ ಮೊಮ್ಮಗಳು ಶಾಲೆಗೆ ಹೋಗುವುದಿಲ್ಲ. ಅರಸೀಕೆರೆಯ ನಮ್ಮ ಮನೆಯಲ್ಲೇ ಸೊಸೆ ಅವಳಿಗೆ ಪಾಠ ಹೇಳುತ್ತಾಳೆ. ಮಗು ನಾಲ್ಕು ಜನರ ಎದುರು ಮಾತಾಡುವುದನ್ನು ಕಲಿಯಲೆಂದು ಅವಳು ಒಂದು ರೂಢಿ ಮಾಡಿದ್ದಳು. ಹಿತ್ತಲಿನ ಶೆಡ್ಡಿನಲ್ಲಿ ಕೂತು ಕೊಬ್ಬರಿಯ ಕರಟ ಬಿಡಿಸುವ ಹೆಂಗಸರ ಮುಂದೆ ಮೊಮ್ಮಗಳು ನಿಂತು, ಆ ದಿನ ಓದಿದ್ದನ್ನೋ ಕಂಡದ್ದನ್ನೋ ಹೇಳಬೇಕು. ಅವರ ಕೈಗೆ ಕೆಲಸವಿರುತ್ತದೆ, ಕಿವಿಗೆ ಬಿಡುವಿರುತ್ತದೆ.

ಹಳೇಬೀಡಿಗೆ ಹೋಗಿಬಂದ ಮರುದಿನ ದೇವಸ್ಥಾನದ ಗೋಡೆಯ ಆನೆ ಸಾಲಿನ ಮಾತು ಎತ್ತಿದಳು.

"ಒಂದಾನೆ ಇದ್ದಂಗೆ ಇನ್ನೊಂದಿಲ್ಲ, ಗೊತ್ತಾ?"

"ಅದೆಂಗವ್ವಾ? ಎಲ್ಲಾ ಕಲ್ಲೇ ತಾನೆ?" ಒಬ್ಬಾಕೆ ಕೆಣಕಿದಳು.

"ನಿಮ್ಮನೇಲಿ ಎಲ್ರೂ ಮನುಷ್ಯರೇ. ಮೂತಿ ಒಂದೇ ಥರ ಐತಾ?"

ಶೆಡ್ಡೆಲ್ಲ ನಕ್ಕಿತು. ನಾನು ನಗಲಿಲ್ಲ.

ಆ ತಿಂಗಳು ಹಾರನಹಳ್ಳಿಯಲ್ಲಿ ನಮ್ಮ ಜನರ ಸಮಾರಂಭವಿತ್ತು. ಮಕ್ಕಳ ಭಾಷಣವೂ ಇತ್ತು. ಶಾಲೆಯ ಮುಖ ಕಾಣದ ಮಗು ಏನು ಮಾತಾಡೀತು ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಅವರ ಬಾಯಿ ಮುಚ್ಚಿಸಬೇಕೆಂಬ ಹಟ ನನಗೆ. ಹೈಸ್ಕೂಲಿನಲ್ಲಿ ಭಾಷಣಕ್ಕೆ ಬಹುಮಾನ ಪಡೆದವನು ನಾನು. ನಾನೇ ಬರೆದು ಬಾಯಿಪಾಠ ಮಾಡಿಸಿದೆ. ಎಲ್ಲಿ ಕೈ ಎತ್ತಬೇಕು ಎಂಬುದನ್ನೂ ಹೇಳಿಕೊಟ್ಟೆ.

"ಆಸೀನರು ಅಂದ್ರೇನು ತಾತ?"

"ಈಗ ಹೇಳು, ಅರ್ಥ ಆಮೇಲೆ."

"ಮಾವ, ಅವಳ ಮಾತೇ ಅವಳು ಆಡ್ಲಿ ಬಿಡಿ," ಎಂದಳು ಸೊಸೆ.

"ಶೆಡ್ಡಿನ ಮಾತು ಸಭೇಲಿ ನಡೆಯಲ್ಲಮ್ಮ."

ವೇದಿಕೆಯ ಮೇಲೆ ಭಾಷಣದ ಮೂರನೆಯ ಸಾಲಿಗೇ ಮಗು ತಡವರಿಸಿ ನಿಂತಿತು. ಜನರತ್ತ ನೋಡಿತು, ತುಟಿ ಅಲುಗಿತು. ತನ್ನದೇ ಏನೋ ಹೇಳಲು ಹೊರಟಿತ್ತೆಂದು ಈಗ ಅನ್ನಿಸುತ್ತದೆ. ನಾನು ಕಾಯಲಿಲ್ಲ. ಎದ್ದು ನಿಂತು ಮುಂದಿನ ಸಾಲನ್ನು ಕೂಗಿದೆ. ಅವಳು ಅದನ್ನೇ ಹೇಳಿದಳು. ಮತ್ತೊಂದು ಕೂಗಿದೆ, ಅದನ್ನೂ ಹೇಳಿದಳು.

"ಯಜಮಾನ್ರೇ, ನೀವೇ ಮೇಲಕ್ಕೆ ಹೋಗಿ ಕಣ್ರೀ!" ಎಂದರು ಹಿಂದಿನಿಂದ ಯಾರೋ. ಜನ ಗೊಳ್ಳೆಂದು ನಕ್ಕರು. ಮಗು ಇಳಿದು ಬಂದು ಅಮ್ಮನ ಸೆರಗು ಹಿಡಿಯಿತು.

ವಾಪಸು ಬಸ್ಸಿನಲ್ಲಿ, ಎಲ್ಲರ ಎದುರು, "ನನ್ನ ಮರ್ಯಾದೆ ಕಳೆದೆಯಲ್ಲೇ" ಎಂದೆ. ಅವಳು ಅಳಲೂ ಇಲ್ಲ. ಮಗು ಹೆದರಿಬಿಟ್ಟಿತು ಎಂದು ನೆಂಟರಿಗೆಲ್ಲ ಹೇಳುತ್ತಾ ಬಂದೆ. ಅದು ಸುಳ್ಳು. ಹೆದರಿದ್ದವನು ನಾನು.

ಆಮೇಲೆ ಬಹಳ ದಿನ ಅವಳು ಶೆಡ್ಡಿನತ್ತ ಸುಳಿಯಲಿಲ್ಲ. ಹೆಂಗಸರು, "ಆನೆ ಕತೆ ಮುಗೀಲೇ ಇಲ್ವಲ್ಲ ಪುಟ್ಟಿ" ಎಂದು ಕರೆಯುತ್ತಲೇ ಇದ್ದರು. ಮೊನ್ನೆ ಶೆಡ್ಡಿನ ಒಳಗಿಂದ ಅವಳ ದನಿ ಕೇಳಿಸಿತು. ಖುಷಿಗೆ ಬಾಗಿಲ ತನಕ ಹೋಗಿಬಿಟ್ಟೆ. ನನ್ನನ್ನು ಕಂಡದ್ದೇ ತಡ, ಅವಳ ಕೈ ನಾನು ಕಲಿಸಿದ ಹಾಗೆ ಮೇಲೆದ್ದಿತು. ಮಾತು ನಿಂತಿತು.

"ತಾತ, ನೀವು ಆಚೆ ಇರ್ತೀರಾ?" ಎಂದು ಮೆಲ್ಲಗೆ ಕೇಳಿದಳು.

ನಾನು ಅಂಗಳ ದಾಟಿ ರಸ್ತೆಗೆ ಬಂದೆ. ಅಲ್ಲಿಗೆ ಏನೂ ಕೇಳಿಸುವುದಿಲ್ಲ.