ಹಾಜರಿಯಲ್ಲಿದ್ದ ಹುಡುಗಿ

ಪೋಲಿಯೋದಿಂದ ನನ್ನ ಎರಡೂ ಕಾಲು ಸೋತಿದ್ದವು. ಎಪ್ಪತ್ತರ ದಶಕದಲ್ಲಿ, ನಾಲತವಾಡದ ಹತ್ತಿರದ ನಮ್ಮ ಹಳ್ಳಿಯ ಹೆಡ್‌ಮಾಸ್ತರರು ಮಕ್ಕಳ ಸಂಖ್ಯೆ ತುಂಬಿಸಲು ನನ್ನ ಹೆಸರು ಬರೆದುಕೊಂಡು, "ಕೂಸಿಗೆ ತ್ರಾಸ ಬ್ಯಾಡ, ಮನ್ಯಾಗ ಇರ್ಲಿ" ಎಂದು ಅವ್ವನಿಗೆ ಹೇಳಿದರು. ಎರಡು ವರ್ಷ ದಿನಾ ಸುಳ್ಳು ಹಾಜರಿ ಹಾಕಿದರು. ಇಂಥವರಿಗೆ ಊರು ಗುರುಗಳೇ ಎಂದು ಕೈಮುಗಿಯುತ್ತಿತ್ತು.

ಶಾಲೆಯ ತನಿಖೆಗೆ ಸಾಹೇಬರು ಬಂದ ದಿನ ಮಾತ್ರ ನನ್ನನ್ನು ಹೊತ್ತು ತರಿಸಿ ಮುಂದೆ ಕೂರಿಸಿದರು.

"ಯಾವ ಕ್ಲಾಸಿನ್ಯಾಗ ಅದಿ, ತಂಗಿ?" ಸಾಹೇಬರು ಕೇಳಿದರು.

"ಗೊತ್ತಿಲ್ರಿ. ಸಾಲಿ ಇವತ್ತs ನೋಡಾಕತ್ತೇನ್ರಿ."

ಹೆಡ್‌ಮಾಸ್ತರರು ಬೆವತರು. ಸಾಹೇಬರು ನಕ್ಕು, ಚಹಾ ಕುಡಿದು, ಸಹಿ ಹಾಕಿ ಹೋದರು. ಅವರೂ ಅದೇ ಯೋಗ್ಯತೆಯವರು.

ಮರುದಿನ ಅವ್ವ ನನ್ನನ್ನು ಬೆನ್ನಮೇಲೆ ಹೊತ್ತು ತಂದು ತರಗತಿಯಲ್ಲಿ ಇಳಿಸಿದಳು. "ಹಾಜರಿ ನೀವs ಹಾಕೀರಿ. ಇನ್ನ ಅಕ್ಷರಾನೂ ಕಲಸ್ರಿ."

ಕಲಿಸಿದರು. ನನ್ನ ಪಾಟಿಯ ಮೇಲೆ ಬರೆಯುವಾಗಲೂ ಮುಖ ನೋಡಲಿಲ್ಲ.