ಗ್ರಾಟ್ಸ್ ಊರಿನಲ್ಲಿ ಬೋಣಿ ಹೊತ್ತು

ಮೋನಪ್ಪನವರಿಗೆ ನಾನು ಅಕ್ಕಿ ಮಾರುವವನು, ಹಾಗಾಗಿ ಅವರನ್ನು ಪೂರ್ತಿ ಹೊಗಳುವುದು ನನ್ನಿಂದಾಗದು. ಆರ್ಟೀಷಿಯಾದ ನಮ್ಮ ಗೋಡೌನಿನಿಂದ ಸ್ಯಾನ್ ಡಿಯೇಗೋದ ಫೋರ್ ಎಸ್ ರ್ಯಾಂಚ್ ಬಡಾವಣೆಯ ಹತ್ತಿರದ ಅವರ ದಿನಸಿ ಅಂಗಡಿಗೆ ಕುಚ್ಚಲಕ್ಕಿ ಹೋಗಲು ಶುರುವಾದಾಗ ಅವರ ಮಗಳು ಅಶ್ವಿತಾ ಕೌಂಟರಿನ ಕೆಳಗೆ ಕೂತು ಬಣ್ಣದ ಪೆನ್ಸಿಲ್ ಚೀಪುತ್ತಿದ್ದಳು. ಅಂದಿನಿಂದಲೂ ಚೀಲ ಇಳಿಸುವ ಮೊದಲು ಒಂದು ಹಿಡಿ ಅಕ್ಕಿ ಅಂಗೈಗೆ ಸುರಿದುಕೊಂಡು, ಬೆಳಕಿಗೆ ಹಿಡಿದು, ನನ್ನ ಮುಖ ನೋಡಿ "ಎಂಥ ಮಾರಾಯ್ರೆ ಇದು" ಅನ್ನದೆ ಅವರು ಬಿಟ್ಟವರಲ್ಲ. ಅಕ್ಕಿ ಚೆನ್ನಾಗಿದ್ದ ದಿನವೂ.

ಇನ್ನೊಂದು ಅವರ ಬೋಣಿಯ ಹುಚ್ಚು. ದಿನದ ಮೊದಲ ವ್ಯಾಪಾರ ಯಾರದು, ಏನು ತಗೊಂಡರು, ನಗುತ್ತಾ ಕೊಟ್ಟರೋ ಗೊಣಗುತ್ತಾ ಕೊಟ್ಟರೋ ತಿಳಿಯುವವರೆಗೆ ಅವರ ಗಂಟಲಲ್ಲಿ ಕಾಫಿ ಇಳಿಯದು. ಬೋಣಿಯ ಹಣವನ್ನು ಕಣ್ಣಿಗೊತ್ತಿಕೊಂಡೇ ಡ್ರಾಯರಿಗೆ ಹಾಕಬೇಕು. ಈಗ ಗಿರಾಕಿಗಳು ಫೋನು ತೋರಿಸಿ ಹೋಗುತ್ತಾರಲ್ಲ, ಕಣ್ಣಿಗೊತ್ತಿಕೊಳ್ಳಲು ನೋಟೇ ಇಲ್ಲ. ಮೋನಪ್ಪ ಕಾರ್ಡ್ ಮೆಷಿನ್ನನ್ನೇ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಾರೆ.

ಅದೇ ಊರಿನ ಲಾ ಹೋಯಾದಲ್ಲಿ ಆಫೀಸು ಕೆಲಸದಲ್ಲಿದ್ದ ಅಶ್ವಿತಾ ಹೋದ ಚಳಿಗಾಲದಲ್ಲಿ, ಅಂಗಡಿ ನಾನೇ ವಹಿಸಿಕೊಳ್ಳುತ್ತೇನೆ ಅಂದಳು. ಮೋನಪ್ಪ ವರ್ಷಗಳಿಂದ ಬಯಸಿದ್ದು ಇದನ್ನೇ. ಅವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಹೇಳಿದ್ದರು. ಆದರೆ ಅಪ್ಪ ಬೆನ್ನ ಹಿಂದೆ ನಿಂತಿರುತ್ತಾರೆಂದೇ ಎಷ್ಟು ಮ್ಯಾನೇಜರುಗಳು ಓಡಿಹೋದರೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಒಂದು ಷರತ್ತು ಹಾಕಿದಳು. ಅವಳು ಒಂದು ವಾರ ರಜೆ ಹಾಕಿ ಅಂಗಡಿ ನಡೆಸುತ್ತಾಳೆ, ಅಪ್ಪ ಅಮ್ಮ ದೂರ ಹೋಗಿರಬೇಕು. ಅಪ್ಪ ಅಂಗಡಿಗೆ ಒಂದೇ ಒಂದು ಫೋನ್ ಮಾಡಿದರೂ ಕೀ ವಾಪಸ್, ಅವಳು ಲಾ ಹೋಯಾಗೆ ವಾಪಸ್. ಊರನ್ನೂ ಅವಳೇ ಆರಿಸಿದಳು, ಆಸ್ಟ್ರಿಯಾದ ಗ್ರಾಟ್ಸ್. ಓದುವಾಗ ಅಲ್ಲಿ ಸ್ವಲ್ಪ ಕಾಲ ಇದ್ದಳಂತೆ. ಅಲ್ಲಿ ಏನೂ ಆಗುವುದಿಲ್ಲ ಅನ್ನುವುದೇ ಅವಳ ಶಿಫಾರಸು.

ಮುಂದಿನದು ಅವರ ಹೆಂಡತಿ ವಿನೋದಾ ನನಗೆ ಹೇಳಿದ್ದು. ಜನವರಿಯ ಗ್ರಾಟ್ಸ್‌ನಲ್ಲಿ ಕೆಂಪು ಹೆಂಚಿನ ಮೇಲೆ ತೆಳುವಾಗಿ ಹಿಮ, ನಡುವೆ ನದಿ, ಸದ್ದಿಲ್ಲದ ಬೀದಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಟ್ರ್ಯಾಮು. ಕುಂಬಳಬೀಜದಿಂದ ತೆಗೆದ ಕಡುಹಸಿರು ಎಣ್ಣೆಯನ್ನು ಸೂಪಿನ ಮೇಲೆ ಹನಿಸಿ ಕೊಡುತ್ತಾರೆ. ಮೋನಪ್ಪ ಅದನ್ನು ಮೂಸಿ, ನಾಲಿಗೆಗೆ ತಾಗಿಸಿ, ಬಾಟಲಿ ತಿರುಗಿಸಿ ಲೇಬಲ್ ಓದಲು ಹೊರಟಾಗ ವಿನೋದಾ ಬಾಟಲಿಯನ್ನು ಪಕ್ಕದ ಟೇಬಲ್ಲಿಗಿಟ್ಟರು. ಹಗಲೆಲ್ಲ ಮನುಷ್ಯ ಚೆನ್ನಾಗಿಯೇ ಇರುತ್ತಿದ್ದರು. ಆದರೆ ಇಲ್ಲಿ ಅಂಗಡಿ ತೆಗೆಯುವಾಗ ಅಲ್ಲಿ ಸಂಜೆ, ಕತ್ತಲಾಗಿರುತ್ತದೆ. ಆ ಹೊತ್ತಾದರೆ ಸಾಕು, ಅವರ ಕಣ್ಣು ಹೆಂಡತಿಯ ಕೈಚೀಲದ ಮೇಲೆ. ಅವರ ಫೋನು ಅದರೊಳಗಿತ್ತು.

ಗುಡ್ಡದ ಮೇಲೆ ಆ ಊರಿನ ದೊಡ್ಡ ಗಡಿಯಾರವಿದೆ. ಅದರಲ್ಲಿ ಉದ್ದ ಮುಳ್ಳು ಗಂಟೆಗೆ, ಗಿಡ್ಡ ಮುಳ್ಳು ನಿಮಿಷಕ್ಕೆ. ಅದರ ಫೋಟೋ ತೆಗೆಯಬೇಕೆಂದು ಒಂದು ಮಧ್ಯಾಹ್ನ ಮೋನಪ್ಪ ಫೋನು ಕೇಳಿ ಪಡೆದರು. ಮಾಡಿದ್ದು ಫೋಟೋ ಅಲ್ಲ, ನನಗೆ ಕಾಲ್. ನನಗಿನ್ನೂ ನಸುಕು.

"ಅಂಗಡಿಗೆ ಮಾಡಬಾರದು ಅಂದಿದ್ದಾಳೆ, ನಿಮಗೆ ಮಾಡಬಾರದು ಅಂದಿಲ್ಲ," ಅಂದರು. "ತೆಗೆಯುವ ಹೊತ್ತಿಗೆ ಹೋಗಿ ಎಂಥದಾದ್ರೂ ತಗೊಳ್ಳಿ ಮಾರಾಯ್ರೆ. ನಿಮ್ಮ ಕೈಗುಣ ಒಳ್ಳೇದುಂಟು."

ನನ್ನ ಅಕ್ಕಿಗೆ ಎಂದೂ ಸಿಗದ ಸರ್ಟಿಫಿಕೇಟು ನನ್ನ ಕೈಗೆ ಸಿಕ್ಕಿತು. ಗಾಡಿ ತೆಗೆದು ಫ್ರೀವೇ ಹಿಡಿದೆ.

ನಾನು ಒಳಗೆ ಕಾಲಿಡುವಾಗ ಒಬ್ಬ ಅಜ್ಜಿ ಕೊತ್ತಂಬರಿ ಕಟ್ಟು ಹಿಡಿದು ಹೊರಗೆ ಹೊರಟಿದ್ದರು. ಅವರ ಬೆನ್ನು ತಿರುಗಿದ್ದೇ ಅಶ್ವಿತಾ ಅತ್ತಿತ್ತ ನೋಡಿ, ಕಾರ್ಡ್ ಮೆಷಿನ್ ಎತ್ತಿ ಕಣ್ಣಿಗೊತ್ತಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ನಾನೇ ಅವರಿಗೆ ಮಾರಿದ ಅಕ್ಕಿಯ ಚೀಲವೊಂದನ್ನು ಹೊತ್ತು ತಂದು ಕೌಂಟರಿನ ಮೇಲಿಟ್ಟೆ. ನಿಮ್ಮ ಗೋಡೌನಿನಲ್ಲಿ ಅಕ್ಕಿ ಮುಗಿಯಿತಾ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದಳು. ನಾನು ಹವೆಯ ಮಾತು ತೆಗೆದೆ.

"ಅಂಕಲ್, ಇದೂ ಅಪ್ಪ ಫೋನ್ ಮಾಡಿದ ಹಾಗೇ ಲೆಕ್ಕ," ಅಂದಳು, ಕನ್ನಡದಲ್ಲಿ.

ನಿನಗಾಗಿ ಅಪ್ಪ ಎಷ್ಟು ವರ್ಷ ಕಾದಿದ್ದಾರೆ, ಒಂದು ಸಲಕ್ಕೆ ಬಿಟ್ಟುಬಿಡಮ್ಮ ಎಂದು ಚೌಕಾಸಿಗಿಳಿದೆ. ಕೌಂಟರ್ ಒರೆಸುತ್ತಾ ಯೋಚಿಸಿದಳು.

"ಹಾಗಾದ್ರೆ ನೀವು ಇವತ್ತು ಬರಲೇ ಇಲ್ಲ. ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡ್ರಿ. ಬೋಣಿ ಆಯ್ತೋ ಇಲ್ವೋ ನಿಮಗೆ ಗೊತ್ತಿಲ್ಲ. ಅಪ್ಪನಿಗೆ ಅಷ್ಟೇ ಹೇಳಿ. ಅದನ್ನ ಕೇಳಿದ ಮೇಲೂ ಅಂಗಡಿಗೆ ಫೋನ್ ಮಾಡದಿದ್ರೆ ನಾನು ಇಲ್ಲೇ ಇರ್ತೀನಿ."

ಅಕ್ಕಿಗೆ ಒಂದು ಸೆಂಟೂ ಬಿಡದೆ ಪೂರ್ತಿ ರೇಟು ಹಾಕಿದಳು. ಅಂಗಡಿ ಉಳಿಯುತ್ತದೆ ಅಂತ ನನಗೆ ಅಲ್ಲೇ ಧೈರ್ಯ ಬಂತು. ಹೊರಗೆ ಬಂದು ಮೋನಪ್ಪನವರಿಗೆ ಮೆಸೇಜು ಹಾಕಿದೆ: ಟ್ರಾಫಿಕ್, ಹೋಗಲಾಗಲಿಲ್ಲ.

ಆಗ ಅವರಿಬ್ಬರೂ ಗುಡ್ಡದ ಬುಡದಲ್ಲಿ, ಚೆಸ್ಟ್‌ನಟ್ ಹುರಿದು ಮಾರುವವನ ಗಾಡಿಯ ಪಕ್ಕ ಬೆಂಚಿನ ಮೇಲೆ ಕೂತಿದ್ದರು. ಇನ್ನೂ ವಾಪಸ್ ಕೊಡದ ಫೋನಿನಲ್ಲಿ ಮೋನಪ್ಪ ಮೆಸೇಜು ಓದಿದರು. ಹೆಬ್ಬೆರಳು ಅಂಗಡಿಯ ನಂಬರಿನ ಮೇಲೆ ಹೋಗಿ ನಿಂತಿತು. ವಿನೋದಾ ಅವರಿಗೆ ಕೊತ್ತಂಬರಿಯ ವಿಷಯ ಆಗಲೇ ಗೊತ್ತಿತ್ತು. ಮಗಳು ದಿನಾ ಅಮ್ಮನ ಫೋನಿಗೆ ಗುಟ್ಟಾಗಿ ಬೋಣಿಯ ಸುದ್ದಿ ಕಳಿಸುತ್ತಿದ್ದಳು. ಹೇಳಿಬಿಡೋಣ ಅಂತ ಬಾಯಿ ತನಕ ಬಂದಿತ್ತಂತೆ, ನುಂಗಿಕೊಂಡರಂತೆ.

ಮೋನಪ್ಪ ತಲೆಯೆತ್ತಿ ಗಡಿಯಾರ ನೋಡಿದರು. ಎಷ್ಟಾಯಿತೆಂದು ತಿಳಿಯದೆ ಹೆಂಡತಿಯನ್ನು ಕೇಳಿದರು.

"ಆರು ಗಂಟೆ. ನೀವು ಓದುವ ಹಾಗೆ ಓದಿದ್ರೆ ಹನ್ನೆರಡೂವರೆ," ಅಂದರು ವಿನೋದಾ. "ಈ ಗಡಿಯಾರ ನೋಡಿ ನಮ್ಮ ಅಂಗಡಿ ತೆಗೆಯುದಿಲ್ಲ. ಕೂತ್ಕೊಳ್ಳಿ."

ಮೋನಪ್ಪ ತಾವೇ ಹೆಂಡತಿಯ ಕೈಚೀಲದ ಜಿಪ್ಪು ಎಳೆದು ಫೋನು ಒಳಗೆ ಹಾಕಿದರು. ಎದ್ದು ಹೋಗಿ ಒಂದು ಪೊಟ್ಟಣ ಚೆಸ್ಟ್‌ನಟ್ ತಂದರು, ಬಿಸಿಬಿಸಿ. ಸುಲಿಯುತ್ತಾ, ಇವನಿಗೆ ಇವತ್ತು ನಾವೇ ಬೋಣಿಯೋ ಏನೋ ಎಂದು ಕೇಳಿದರು. ಗೊತ್ತಿಲ್ಲ ಅಂದರು ವಿನೋದಾ.

"ಗೊತ್ತಿಲ್ಲದೆಯೇ ತಿನ್ನುವ," ಅಂದರು ಮೋನಪ್ಪ.

ಉಳಿದ ದಿನಗಳಲ್ಲಿ ಅವರು ಬಿಸಿಲು ಬರುವವರೆಗೆ ಮಲಗಿದರು, ಗುಡ್ಡ ಹತ್ತಿದರು, ನದಿಯ ಪಕ್ಕ ಹೆಂಡತಿಯ ಜೊತೆ ನಡೆದರು. ಕೈಚೀಲದ ಕಡೆ ನೋಡಿದ್ದನ್ನು ವಿನೋದಾ ಕಾಣಲಿಲ್ಲವಂತೆ.

ಅಶ್ವಿತಾ ಲಾ ಹೋಯಾದ ಕೆಲಸ ಬಿಟ್ಟಳು. ಮುಂದಿನ ಲೋಡಿನ ಜೊತೆ ನಾನೇ ಹೋದೆ. ಮೋನಪ್ಪ ಅಂಗಡಿಯ ಹೊರಗೆ ಕುರ್ಚಿ ಹಾಕಿಕೊಂಡು ಪಾರ್ಕಿಂಗ್ ಲಾಟ್ ನೋಡುತ್ತಾ ಕಾಫಿ ಕುಡಿಯುತ್ತಿದ್ದರು. ಆ ದಿನ ಟ್ರಾಫಿಕ್ ಎಲ್ಲಿ ಸಿಕ್ಕಿತು ಎಂದು ಕೇಳಿದರು. ಓಷನ್‌ಸೈಡ್ ಹತ್ತಿರ ಅಂದೆ. ನಂಬಿದರೋ ಇಲ್ಲವೋ, ಇನ್ನೊಂದು ಗುಟುಕು ಕುಡಿದರು.

ಚೀಲ ಇಳಿಸುವ ಮೊದಲು ಅಶ್ವಿತಾ ಹೊರಗೆ ಬಂದಳು. ಒಂದು ಹಿಡಿ ಅಕ್ಕಿ ಅಂಗೈಗೆ ಸುರಿದುಕೊಂಡು, ಬೆಳಕಿಗೆ ಹಿಡಿದು, ನನ್ನ ಮುಖ ನೋಡಿದಳು.

"ಎಂಥ ಅಂಕಲ್ ಇದು," ಅಂದಳು.

ಅಕ್ಕಿ ಚೆನ್ನಾಗಿಯೇ ಇತ್ತು. ಮೋನಪ್ಪ ಕುರ್ಚಿಯಿಂದ ಏಳಲಿಲ್ಲ.